ಮನೆಯ ಮರ್ಯಾದೆ ಮಗುವಿನ ಮೌನದ ಮೇಲೆ ನಿಲ್ಲಬಾರದು

ಪಾಕಿಸ್ತಾನದ ಉರ್ದು ಧಾರಾವಾಹಿಗಳು ನಮ್ಮ ಮನೆಗಳಿಗೆ ಹೊಸತಲ್ಲ. 2014ರಲ್ಲಿ ‘ಝಿಂದಗಿ’ ಚಾನೆಲ್ ಶುರುವಾದಾಗ ಅವು ಟಿವಿಯಲ್ಲೇ ಬಂದವು. 2016ರಲ್ಲಿ ಆ ಚಾನೆಲ್ ಅವುಗಳನ್ನು ನಿಲ್ಲಿಸಿದ ಮೇಲೆ ಮೊಬೈಲ್‌ಗೆ ಬಂದವು. 2025ರ ಮೇಯಲ್ಲಿ ಕೇಂದ್ರ ಸರಕಾರ ಪಾಕಿಸ್ತಾನದ ಧಾರಾವಾಹಿ, ಹಾಡುಗಳನ್ನು ತೆಗೆಯುವಂತೆ ಒಟಿಟಿ ಕಂಪೆನಿಗಳಿಗೆ ಹೇಳಿದ ಮೇಲೆ ಆ ನೋಟವೂ ಕಡಿಮೆಯಾಯಿತು. ಮನೆಯಲ್ಲಿ ಬ್ಯಾರಿ ಮಾತಾಡಿದರೂ ಹಿಂದಿ ಸಿನೆಮಾ ಮತ್ತು ಗಲ್ಫ್‌ನ ಸಹವಾಸದಿಂದ ಉರ್ದು ನಮ್ಮ ಕಿವಿಗೆ ಒಗ್ಗಿದೆ. ಆ ಧಾರಾವಾಹಿಗಳಲ್ಲಿ ಹೆಚ್ಚಿನವು ಅತ್ತೆ-ಸೊಸೆ ಜಗಳ, ಎರಡನೇ ಮದುವೆ, ಕಣ್ಣೀರು. ಅವು ಹೋದವು ಅಂತ ಯಾರೂ ಅಳಬೇಕಾಗಿಲ್ಲ.

ಆದರೆ ಒಂದು ಕಥೆಯನ್ನು ಮಾತ್ರ ನಾವು ಮರೆಯಬಾರದು. ಹಮ್ ಟಿವಿಯಲ್ಲಿ 2017-18ರಲ್ಲಿ ಬಂದ ‘ಡರ್ ಸಿ ಜಾತಿ ಹೈ ಸಿಲಾ’. ಬರೆದವರು ಬೀ ಗುಲ್, ನಿರ್ದೇಶಿಸಿದವರು ಕಾಶಿಫ್ ನಿಸಾರ್. ಸಿಲಾ ಅನ್ನುವುದು ಹುಡುಗಿಯ ಹೆಸರು. ‘ಸಿಲಾ ಹೆದರಿಬಿಡುತ್ತಾಳೆ’ ಅಂತ ಹೆಸರಿನ ಅರ್ಥ. ಯಾಕೆ ಹೆದರುತ್ತಾಳೆ, ಯಾರಿಗೆ ಹೆದರುತ್ತಾಳೆ ಅನ್ನುವುದೇ ಕಥೆ.

ಹೊರಗಿನಿಂದ ನೋಡಿದರೆ ಅದು ಒಳ್ಳೆಯ ಮನೆ. ಹಿರಿಯರಿದ್ದಾರೆ, ಮಕ್ಕಳಿದ್ದಾರೆ, ಊಟ-ತಿಂಡಿಗೆ ಕಡಿಮೆಯಿಲ್ಲ, ಊರಲ್ಲಿ ಹೆಸರುಂಟು. ಆ ಮನೆಗೆ ಬೇಕಾದವನೊಬ್ಬನಿದ್ದಾನೆ, ಎಲ್ಲರ ‘ಜೋಯಿ ಮಾಮು’. ನಟ ನೋಮಾನ್ ಇಜಾಝ್ ಮಾಡಿದ ಪಾತ್ರ. ತಮಾಷೆ ಮಾಡುತ್ತಾನೆ, ಸಿಹಿ ಮಾತಾಡುತ್ತಾನೆ, ಎಲ್ಲರನ್ನೂ ನಗಿಸುತ್ತಾನೆ. ಅವನಿಲ್ಲದೆ ಮನೆಯಲ್ಲಿ ಕಳೆಯೇ ಇಲ್ಲ. ಅದೇ ಮನೆಯಲ್ಲಿ ಯುಮ್ನಾ ಝೈದಿ ಅಭಿನಯಿಸಿದ ಸಿಲಾ ಗೋಡೆಗೆ ಅಂಟಿಕೊಂಡು ಓಡಾಡುತ್ತಾಳೆ. ದುಪಟ್ಟಾವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾಳೆ. ಯಾರಾದರೂ ಹಿಂದಿನಿಂದ ಬಂದರೆ ಬೆಚ್ಚಿಬೀಳುತ್ತಾಳೆ. ಮಾತೇ ಆಡುವುದಿಲ್ಲ. ಮನೆಯವರ ಲೆಕ್ಕದಲ್ಲಿ ಸಮಸ್ಯೆ ಇರುವುದು ಸಿಲಾಳಲ್ಲಿ. ಅವಳು ಸರಿಯಿಲ್ಲ, ಯಾರೊಂದಿಗೂ ಬೆರೆಯುವುದಿಲ್ಲ, ಹಿರಿಯರೆಂದರೆ ಗೌರವವಿಲ್ಲ.

ಅವಳನ್ನು ಹಾಗೆ ಮಾಡಿದ್ದು ಯಾರು ಅನ್ನುವುದು ಅವಳ ತಾಯಿಗೆ ಗೊತ್ತು. ಗೊತ್ತಿದ್ದೂ ಆಕೆ ಸುಮ್ಮನಿದ್ದಾಳೆ. ಮನೆ ಒಡೆಯಬಾರದು, ಮಗಳ ಹೆಸರು ಹಾಳಾಗಬಾರದು, ಜನ ಆಡಿಕೊಳ್ಳಬಾರದು.

ಈ ಧಾರಾವಾಹಿಯಲ್ಲಿ ಮುಖ್ಯವಾದ ಮಾತು ಅದೇ ಅಂತ ನಮಗೆ ಅನಿಸುತ್ತದೆ. ಜೋಯಿ ಮಾಮು ತನ್ನ ಗುಟ್ಟನ್ನು ತಾನು ಕಾಯಬೇಕಾಗಿಲ್ಲ. ಅದನ್ನು ಅವನಿಗಾಗಿ ಮನೆಯ ಒಳ್ಳೆಯ ಜನರೇ ಕಾಯುತ್ತಾರೆ. ತಪ್ಪು ಮಾಡಿದವನು ಹಾಯಾಗಿ ಮಲಗುತ್ತಾನೆ; ನಿದ್ದೆಗೆಡುವವರು ಉಮ್ಮ ಮತ್ತು ಮಗಳು.

ಅದು ಬೇರೆ ಕಡೆಯ ಕಥೆ ಅನ್ನುವವರಿಗೆ

‘ಅದೆಲ್ಲ ಲಾಹೋರು, ಕರಾಚಿಯಲ್ಲಿ ಇರಬಹುದು ಮಾರಾಯ್ರೆ, ನಮ್ಮಲ್ಲಿ ಹಾಗೆಲ್ಲ ಇಲ್ಲ’ ಅನ್ನುವುದು ಸುಲಭ. ಅಲ್ಲಿಯೂ ಹಾಗೆಯೇ ಹೇಳಿದ್ದರು. ಇದಕ್ಕೂ ಮೊದಲು, 2016ರಲ್ಲಿ ಅದೇ ಚಾನೆಲ್‌ನಲ್ಲಿ ‘ಉಡಾರಿ’ ಬಂತು. ಮಲತಂದೆಯೊಬ್ಬ ಹೆಣ್ಣುಮಗುವಿನ ಮೇಲೆ ಮಾಡುವ ದೌರ್ಜನ್ಯದ ಕಥೆ. ಇಂಥದ್ದನ್ನು ಟಿವಿಯಲ್ಲಿ ತೋರಿಸಬಹುದೇ ಅಂತ ಆ ದೇಶದ ಪ್ರಸಾರ ನಿಯಂತ್ರಣ ಸಂಸ್ಥೆ ಚಾನೆಲ್‌ಗೆ ನೋಟಿಸು ಕೊಟ್ಟಿತು. ದೌರ್ಜನ್ಯಕ್ಕಿಂತ ಅದನ್ನು ತೋರಿಸಿದ್ದೇ ದೊಡ್ಡ ಅಪರಾಧ ಆಯಿತು. ಆದರೂ ಜನ ನೋಡಿದರು, ಮಾತಾಡಿದರು.

ನಮ್ಮ ದೇಶದ ಲೆಕ್ಕವೂ ಉಂಟು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಹದಿಮೂರು ರಾಜ್ಯಗಳ ಮಕ್ಕಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿತು. ಹನ್ನೆರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮಾತಾಡಿಸಿದ್ದರು. ಅವರಲ್ಲಿ ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು. ಹೀಗೆ ಹೇಳಿದವರಲ್ಲಿ ಗಂಡುಮಕ್ಕಳು ಹೆಣ್ಣುಮಕ್ಕಳಿಗಿಂತ ಸ್ವಲ್ಪ ಹೆಚ್ಚೇ ಇದ್ದರು. ದೌರ್ಜನ್ಯ ಮಾಡಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ಮಗು ನಂಬಿದವರು. ಹೆಚ್ಚಿನ ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ.

ಈ ಅಧ್ಯಯನ ಯಾವುದೋ ಒಂದು ಜಾತಿ, ಒಂದು ಧರ್ಮದ ಮಕ್ಕಳದ್ದಲ್ಲ. ಹಾಗಾಗಿ ‘ಮುಸ್ಲಿಮರಲ್ಲಿ ಇಂಥದ್ದು ಜಾಸ್ತಿ’ ಅಂತ ಯಾರಾದರೂ ಹೇಳಿದರೆ ಅದು ಸುಳ್ಳು. ‘ಮುಸ್ಲಿಮರಲ್ಲಿ ಇಲ್ಲವೇ ಇಲ್ಲ’ ಅಂತ ನಾವು ಹೇಳಿದರೆ ಅದೂ ಸುಳ್ಳು. ಬ್ಯಾರಿ ಮನೆಯ ಮಗುವೂ ಮಗುವೇ.

ನಮ್ಮ ಮನೆಗಳ ಕೆಲವು ವಿಶೇಷಗಳನ್ನೂ ಇಲ್ಲಿ ಯೋಚಿಸಬೇಕು. ನಮ್ಮಲ್ಲಿ ಎಷ್ಟೋ ಮನೆಗಳ ಉಪ್ಪ ಗಲ್ಫ್‌ನಲ್ಲಿದ್ದಾರೆ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬರುತ್ತಾರೆ. ಇಲ್ಲಿ ಮನೆಯ ಹೊಣೆ ಉಮ್ಮನದ್ದು. ಆಸ್ಪತ್ರೆಗೆ, ಬ್ಯಾಂಕಿಗೆ, ಶಾಲೆಯ ಮೀಟಿಂಗಿಗೆ ಗಂಡಸರು ಬೇಕಾದಾಗ ಸಂಬಂಧಿಕರೊಬ್ಬರು ನೆರವಾಗುತ್ತಾರೆ. ಇಂಥವರಲ್ಲಿ ಬಹುಪಾಲು ಮಂದಿ ಬಂಗಾರದಂಥವರು. ಅವರಿಲ್ಲದಿದ್ದರೆ ನಮ್ಮ ಎಷ್ಟೋ ಸಂಸಾರಗಳು ನಡೆಯುತ್ತಿರಲಿಲ್ಲ. ಅವರ ಮೇಲೆ ಸಂಶಯಪಡಿ ಅಂತ ನಾವು ಹೇಳುತ್ತಿಲ್ಲ.

ಹೇಳುತ್ತಿರುವುದು ಇಷ್ಟೇ: ಉಪಕಾರ ಮಾಡಿದವನ ಮೇಲೆ ದೂರು ಹೇಳುವುದು ಕಷ್ಟ. ಮನೆ ಕಟ್ಟುವಾಗ ಸಾಲ ಕೊಟ್ಟವನು, ಮಗಳ ಮದುವೆಗೆ ಚಿನ್ನ ಕೊಡಿಸಿದವನು, ಮಗನಿಗೆ ವೀಸಾ ಮಾಡಿಸಿದವನು ತಪ್ಪು ಮಾಡಿದರೆ ಆ ಉಮ್ಮ ಎಲ್ಲಿ ಹೋಗಿ ಹೇಳಬೇಕು? ಹೇಳಿದರೆ ಮೊದಲು ಬರುವ ಪ್ರಶ್ನೆ, ‘ಅಷ್ಟೆಲ್ಲ ಮಾಡಿದವರ ಮೇಲೆ ಹೀಗೆ ಹೇಳ್ತೀಯಲ್ಲ?’ ಎರಡನೇ ಪ್ರಶ್ನೆ, ‘ನಿನ್ನ ಮಗಳು ಏನು ಮಾಡಿದಳು?’ ಸಿಲಾಳ ಉಮ್ಮನ ಮೌನವನ್ನು ಅಪರಾಧ ಅಂತ ತೀರ್ಪು ಕೊಡುವ ಮೊದಲು ನಾವು ಈ ಎರಡು ಪ್ರಶ್ನೆಗಳನ್ನು ಕೇಳುವುದನ್ನು ನಿಲ್ಲಿಸಬೇಕು. ಸ್ವಂತ ಸಂಪಾದನೆಯಿಲ್ಲದ, ಸ್ವಂತ ಸೂರಿಲ್ಲದ ಹೆಂಗಸಿಗೆ ಧೈರ್ಯ ಬರುವುದು ಅಕ್ಕಪಕ್ಕದವರು ಜೊತೆ ನಿಂತರೆ ಮಾತ್ರ.

ದೀನ್ ಏನು ಹೇಳುತ್ತದೆ?

ಇಂಥ ವಿಷಯ ಬಂದಾಗ ನಮ್ಮಲ್ಲಿ ಥಟ್ಟನೆ ಬರುವ ಮಾತು: ಮುಸ್ಲಿಮನ ಕೊರತೆಯನ್ನು ಮುಚ್ಚಿದವನ ಕೊರತೆಯನ್ನು ಅಲ್ಲಾಹನು ಮುಚ್ಚುತ್ತಾನೆ ಎಂಬ ಹದೀಸ್. ಹದೀಸ್ ಸರಿಯೇ. ಆದರೆ ಅದನ್ನು ಇಲ್ಲಿ ತಂದು ಹಾಕುವುದು ಸರಿಯಲ್ಲ. ಒಬ್ಬ ತನ್ನಷ್ಟಕ್ಕೆ ಮಾಡಿದ, ಬೇರೆ ಯಾರಿಗೂ ಕೆಡುಕಾಗದ ಪಾಪವನ್ನು ಊರಿಡೀ ಸಾರಬೇಡಿ ಎಂಬುದು ಅದರ ಪಾಠ. ಇನ್ನೊಬ್ಬರ ಮೇಲೆ ನಡೆಯುತ್ತಿರುವ ಝುಲ್ಮ್ ಅನ್ನು ಮುಚ್ಚಿಡುವುದಕ್ಕೆ ಅದು ಪರವಾನಿಗೆ ಅಲ್ಲ. ಝಾಲಿಮ್ ಆದ ಸಹೋದರನಿಗೂ ನೆರವಾಗಬೇಕೆಂದು ಪ್ರವಾದಿ(ಸ)ಯವರು ಹೇಳಿದಾಗ ಸಹಾಬಿಗಳು ಅದು ಹೇಗೆ ಅಂತ ಕೇಳಿದರು. ಅವನನ್ನು ಝುಲ್ಮ್‌ನಿಂದ ತಡೆಯುವುದೇ ಅವನಿಗೆ ಮಾಡುವ ನೆರವು ಅಂತ ಉತ್ತರ ಬಂತು. ಬುಖಾರಿಯಲ್ಲಿ ಬಂದಿರುವ ಈ ಹದೀಸನ್ನು ನಮ್ಮ ಮಕ್ಕಳೂ ಮದ್ರಸದಲ್ಲಿ ಕಲಿಯುತ್ತಾರೆ.

ಸೂರಾ ನಿಸಾದ 135ನೇ ಆಯತ್ ಇನ್ನೂ ನೇರ. ನ್ಯಾಯದ ವಿಷಯದಲ್ಲಿ ನಿಮ್ಮ ವಿರುದ್ಧವೇ ಆದರೂ, ಹೆತ್ತವರ, ಹತ್ತಿರದ ಬಂಧುಗಳ ವಿರುದ್ಧವೇ ಆದರೂ ಸಾಕ್ಷಿ ಹೇಳಿ ಎಂಬುದು ಅದರ ಸಾರ. ಕುಟುಂಬದ ಮಾನ ಅನ್ನುವ ನೆಪಕ್ಕೆ ಅಲ್ಲಿ ಜಾಗವೇ ಇಲ್ಲ.

ಇನ್ನೊಂದು ಕಥೆ ನಮ್ಮೆಲ್ಲರಿಗೂ ಗೊತ್ತು, ಆದರೆ ಈ ಕಣ್ಣಿನಿಂದ ನೋಡುವುದು ಕಡಿಮೆ. ಯೂಸುಫ್(ಅ)ರ ಕಥೆ. ಈಜಿಪ್ಟಿನ ದೊಡ್ಡ ಅಧಿಕಾರಿಯ ಮನೆ. ಬಾಗಿಲುಗಳನ್ನು ಮುಚ್ಚಿದ್ದು ಆ ಮನೆಯ ಒಡತಿ. ಅಂಗಿ ಹರಿದದ್ದು ಹಿಂದಿನಿಂದ. ಸಾಕ್ಷಿ ಹೇಳಿದವರು ಆ ಹೆಂಗಸಿನ ಕಡೆಯವರೇ. ತಪ್ಪು ಯಾರದ್ದು ಅನ್ನುವುದು ಯಜಮಾನನಿಗೆ ಸ್ಪಷ್ಟವಾಗಿ ಗೊತ್ತಾಯಿತು. ಆದರೂ ಏನಾಯಿತು? ಇದನ್ನು ಇಲ್ಲಿಗೇ ಬಿಟ್ಟುಬಿಡು ಅಂತ ಯೂಸುಫರಿಗೇ ಹೇಳಲಾಯಿತು. ಊರಲ್ಲಿ ಮಾತು ಹಬ್ಬಿತು. ಕೊನೆಗೆ ಎಲ್ಲ ಪುರಾವೆ ಕಂಡ ಮೇಲೂ ಜೈಲಿಗೆ ಹೋದದ್ದು ನಿರಪರಾಧಿ. ದೊಡ್ಡ ಮನೆಯ ಮಾನ ಉಳಿಯಿತು, ಅಮಾಯಕನ ವರ್ಷಗಳು ಹೋದವು.

ಮುಂದಿನ ಭಾಗ ಇನ್ನೂ ಮುಖ್ಯ. ರಾಜನ ಕಡೆಯಿಂದ ಬಿಡುಗಡೆಯ ಕರೆ ಬಂದಾಗ ಯೂಸುಫ್(ಅ) ತಕ್ಷಣ ಹೊರಗೆ ಬರಲಿಲ್ಲ. ಮೊದಲು ಆ ಹೆಂಗಸರ ವಿಷಯ ವಿಚಾರಣೆ ಆಗಲಿ ಅಂದರು. ವಿಚಾರಣೆ ಆಯಿತು, ಒಡತಿ ಸತ್ಯ ಒಪ್ಪಿಕೊಂಡಳು. ನೊಂದವನಿಗೆ ಬಿಡುಗಡೆಗಿಂತ ಸತ್ಯ ಹೊರಬರುವುದು ದೊಡ್ಡದು ಅನ್ನುವುದನ್ನು ಕುರ್‌ಆನ್ ನಮಗೆ ತೋರಿಸುತ್ತದೆ. ಆದರೆ ನಮ್ಮ ಪಂಚಾಯಿತಿಕೆಗಳಲ್ಲಿ ನೊಂದವರಿಗೆ ಹೇಳುವುದು ಏನು? ‘ಆದದ್ದು ಆಯಿತು, ಇಲ್ಲಿಗೇ ಬಿಡು.’ ಅದು ಯೂಸುಫ್(ಅ)ರ ಮಾತಲ್ಲ, ಆ ದೊಡ್ಡ ಮನೆಯವರ ಮಾತು.

ನಾಲ್ಕು ಸಾಕ್ಷಿ ಬೇಕಲ್ಲ ಅಂತ ಕೇಳುವವರಿದ್ದಾರೆ. ಆ ನಿಯಮ ಇರುವುದು ಒಬ್ಬ ಹೆಣ್ಣಿನ ಮೇಲೆ ವ್ಯಭಿಚಾರದ ಆರೋಪ ಹೊರಿಸುವವನಿಗೆ. ಹೆಣ್ಣಿನ ಮಾನ ಕಾಪಾಡುವುದಕ್ಕೆ. ಅದನ್ನೇ ತಿರುಗಿಸಿ, ತನ್ನ ಮೇಲೆ ಬಲಾತ್ಕಾರ ಆಯಿತು ಅನ್ನುವ ಹೆಣ್ಣಿನ ಬಾಯಿ ಮುಚ್ಚಿಸುವುದು ಅನ್ಯಾಯ. ನಮಾಝಿಗೆ ಹೋಗುವ ದಾರಿಯಲ್ಲಿ ತನ್ನ ಮೇಲೆ ಬಲಾತ್ಕಾರ ನಡೆಯಿತು ಅಂತ ಒಬ್ಬ ಹೆಂಗಸು ದೂರು ಹೇಳಿದಾಗ ಪ್ರವಾದಿ(ಸ)ಯವರು ಆಕೆಯಿಂದ ನಾಲ್ಕು ಸಾಕ್ಷಿ ಕೇಳಲಿಲ್ಲ, ಆಕೆಯ ಮೇಲೆ ತಪ್ಪು ಹೊರಿಸಲಿಲ್ಲ. ಅಬೂ ದಾವೂದ್ ಮತ್ತು ತಿರ್ಮಿದಿಯಲ್ಲಿ ಈ ಹದೀಸ್ ಉಂಟು. ನಮ್ಮ ಉಲಮಾಗಳು ಇದನ್ನು ಜನರಿಗೆ ಬಿಡಿಸಿ ಹೇಳಬೇಕು.

ಕೆಡುಕು ಆಗುವ ಮೊದಲೇ ತಡೆಯುವ ದಾರಿಯನ್ನೂ ದೀನ್ ಹೇಳಿದೆ. ಹತ್ತು ವರ್ಷ ಆದ ಮಕ್ಕಳ ಹಾಸಿಗೆ ಬೇರೆ ಮಾಡಲು ಹೇಳಿದೆ. ಫಜ್ರ್‌ಗೆ ಮೊದಲು, ಮಧ್ಯಾಹ್ನ, ಇಶಾದ ಬಳಿಕ - ಈ ಮೂರು ಹೊತ್ತು ಮನೆಯೊಳಗಿನವರೂ ಅನುಮತಿ ಕೇಳಿಯೇ ಕೋಣೆಗೆ ಬರಬೇಕು ಅಂತ ಸೂರಾ ನೂರ್ ಹೇಳುತ್ತದೆ. ಗಂಡನ ಕಡೆಯ ಗಂಡಸರು ಹೆಂಗಸರಿರುವಲ್ಲಿಗೆ ಹೋಗುವ ವಿಷಯ ಕೇಳಿದಾಗ ಪ್ರವಾದಿ(ಸ)ಯವರು ಅದನ್ನು ಮರಣಕ್ಕೆ ಹೋಲಿಸಿ ಎಚ್ಚರಿಸಿದರು. ಯಾಕೆ? ಅಪರಿಚಿತನ ಬಗ್ಗೆ ಎಲ್ಲರೂ ಜಾಗ್ರತೆ ಇರುತ್ತಾರೆ. ಮನೆಯವನು ಅಂತ ಬಿಟ್ಟವನನ್ನು ಯಾರೂ ನೋಡುವುದಿಲ್ಲ. ಜೋಯಿ ಮಾಮುವಿನ ಕಥೆಯೂ ಅದೇ ಅಲ್ಲವೇ? ನಮ್ಮ ಹೆಣ್ಣುಮಕ್ಕಳ ಪರ್ದಾದ ಬಗ್ಗೆ ನಾವು ಆಡುವ ಮಾತಿನಲ್ಲಿ ಹತ್ತನೇ ಒಂದು ಭಾಗ ಮನೆಯೊಳಗಿನ ಗಂಡಸರ ನಡತೆಯ ಬಗ್ಗೆ ಆಡಿದರೂ ಸಾಕಿತ್ತು.

ಮನೆಯ ಮಾತು ಹೊರಗೆ ಯಾಕೆ?

ಈ ಪ್ರಶ್ನೆ ನಮ್ಮ ಕರಾವಳಿಯಲ್ಲಿ ಹಿಂದೆಯೂ ಬಂದಿದೆ. ಸಾರಾ ಅಬೂಬಕ್ಕರ್ ಅವರು ‘ಚಂದ್ರಗಿರಿಯ ತೀರದಲ್ಲಿ’ ಬರೆದಾಗ, ನಮ್ಮ ಮನೆಯ ಒಳಗಿನದ್ದನ್ನು ಹೊರಗಿನವರಿಗೆ ಯಾಕೆ ತೋರಿಸುತ್ತೀರಿ ಅಂತ ಅವರನ್ನು ವಿರೋಧಿಸಿದವರಿದ್ದರು. ತಂದೆಯ ಹಟ ಮತ್ತು ಊರಿನ ಕಟ್ಟಳೆಗಳ ನಡುವೆ ನಾದಿರಾ ಎಂಬ ಹೆಣ್ಣು ಹೇಗೆ ನಲುಗಿದಳು ಅನ್ನುವುದು ಆ ಕಾದಂಬರಿ. 2023ರ ಜನವರಿಯಲ್ಲಿ ಸಾರಾ ತೀರಿಕೊಂಡಾಗ ಅದೇ ಕರಾವಳಿ ಅವರನ್ನು ನಮ್ಮ ಹೆಮ್ಮೆ ಅಂತ ಕರೆಯಿತು. ಬಾನು ಮುಷ್ತಾಕ್ ಅವರೂ ಬಹಿಷ್ಕಾರದ ದಿನಗಳನ್ನು ಕಂಡವರು. 2025ರಲ್ಲಿ ಅವರ ಕಥೆಗಳಿಗೆ ಅಂತರ್‌ರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಸಂಭ್ರಮಿಸಿದೆವು. ಹೇಳಿದ ಹೊತ್ತಿಗೆ ಬೈಗುಳ, ನಲವತ್ತು ವರ್ಷ ಕಳೆದ ಮೇಲೆ ಸನ್ಮಾನ. ಆದರೆ ಇವತ್ತು ಕಷ್ಟದಲ್ಲಿರುವ ಮಗುವಿಗೆ ನಲವತ್ತು ವರ್ಷ ಕಾಯಲು ಆಗುವುದಿಲ್ಲ.

‘ಮೊದಲೇ ನಮ್ಮ ಮೇಲೆ ಕಣ್ಣಿಟ್ಟವರಿದ್ದಾರೆ. ಇಂಥದ್ದು ಹೊರಬಂದರೆ ಅದನ್ನೇ ಹಿಡಿದು ಇಡೀ ಸಮುದಾಯಕ್ಕೆ ಮಸಿ ಬಳಿಯುತ್ತಾರೆ’ ಅನ್ನುವ ಹೆದರಿಕೆಯೂ ಉಂಟು. ಈ ಹೆದರಿಕೆ ಸುಳ್ಳಲ್ಲ. ಕರಾವಳಿಯಲ್ಲಿ ಬದುಕುವ ನಮಗೆ ಅದು ಚೆನ್ನಾಗಿ ಗೊತ್ತು. ಆದರೆ ಆ ಹೆದರಿಕೆಯ ಬೆಲೆಯನ್ನು ಒಂದು ಮಗು ಯಾಕೆ ಕಟ್ಟಬೇಕು? ಮಾತಾಡುವವರು ನಾವು ಮುಚ್ಚಿಟ್ಟರೂ ಮಾತಾಡುತ್ತಾರೆ, ಬಿಚ್ಚಿಟ್ಟರೂ ಮಾತಾಡುತ್ತಾರೆ. ಮುಚ್ಚಿಟ್ಟದ್ದು ಮುಂದೊಂದು ದಿನ ಬೇರೆಯವರಿಂದ ಹೊರಬಂದರೆ ‘ಇವರೆಲ್ಲ ಸೇರಿ ಅಡಗಿಸಿದರು’ ಎಂಬ ಮಾತು ಬರುತ್ತದೆ. ಆಗ ತಪ್ಪು ಒಬ್ಬನದ್ದಾಗಿ ಉಳಿಯುವುದಿಲ್ಲ. ತಪ್ಪಿತಸ್ಥನನ್ನು ತಾವೇ ಕಾನೂನಿಗೆ ಒಪ್ಪಿಸಿದ ಜಮಾಅತ್‌ಗೆ ಯಾರೂ ಬೆರಳು ತೋರಿಸಲಾರರು.

ಸುಳ್ಳು ದೂರು ಬಂದರೆ? ಒಬ್ಬ ಒಳ್ಳೆಯವನ ಬಾಳು ಹಾಳಾದರೆ? ಈ ಆತಂಕವೂ ನ್ಯಾಯವಾದದ್ದೇ. ಅದಕ್ಕಾಗಿಯೇ ವಿಚಾರಣೆ ಎಂಬುದು ಇರುವುದು. ಕೆಟ್ಟ ಉದ್ದೇಶದಿಂದ ಸುಳ್ಳು ದೂರು ಕೊಡುವವರಿಗೆ ಶಿಕ್ಷೆ ಕೊಡಲು ಕಾನೂನಿನಲ್ಲೇ ಅವಕಾಶ ಉಂಟು. ನಾವು ಕೇಳುತ್ತಿರುವುದು ಯಾರನ್ನೂ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹರಾಜು ಹಾಕಿ ಅಂತಲ್ಲ. ಅದು ಹರಾಂ, ಮಗುವಿಗೂ ಅಪಾಯ. ಮಗು ಹೇಳಿದ್ದನ್ನು ಕೇಳಿ, ನಂಬಿ, ತಿಳಿಸಬೇಕಾದಲ್ಲಿಗೆ ತಿಳಿಸಿ ಅಂತ ಮಾತ್ರ.

ಕಾನೂನು ಗೊತ್ತಿರಲಿ

2012ರಿಂದ ಪೊಕ್ಸೊ ಕಾಯ್ದೆ ಜಾರಿಯಲ್ಲಿದೆ. ಹದಿನೆಂಟು ವರ್ಷದೊಳಗಿನ ಎಲ್ಲ ಮಕ್ಕಳಿಗೆ, ಗಂಡಿಗೂ ಹೆಣ್ಣಿಗೂ ಅದು ಅನ್ವಯ. ಮನೆಯವರೇ, ಸಂಬಂಧಿಕರೇ ಅಪರಾಧ ಮಾಡಿದರೆ ಕಾನೂನು ಅದನ್ನು ಇನ್ನೂ ಗಂಭೀರವಾಗಿ ನೋಡುತ್ತದೆ, ಶಿಕ್ಷೆ ಹೆಚ್ಚು.

ನಮ್ಮಲ್ಲಿ ಎಷ್ಟೋ ಮಂದಿಗೆ ಗೊತ್ತಿಲ್ಲದ ಸಂಗತಿ ಒಂದುಂಟು. ಮಗುವಿನ ಮೇಲೆ ಇಂಥ ಅಪರಾಧ ನಡೆದದ್ದು ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು. ಗೊತ್ತಿದ್ದೂ ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಆಗಬಹುದು. ಅಂದರೆ ಜಮಾಅತ್‌ನ ನಾಲ್ಕು ಮಂದಿ ಕೂತು ‘ಇದನ್ನು ನಮ್ಮೊಳಗೇ ಮುಗಿಸೋಣ’ ಅಂತ ತೀರ್ಮಾನ ಮಾಡಿದರೆ ಅದು ರಾಜಿ ಪಂಚಾಯಿತಿಕೆ ಅಲ್ಲ, ಅಪರಾಧ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ಹಾಕುವಂತಿಲ್ಲ ಅನ್ನುವುದನ್ನೂ ಅದೇ ಕಾಯ್ದೆ ಹೇಳುತ್ತದೆ.

ಪೊಲೀಸ್ ಅಂದರೆ ಹೆದರುವವರಿಗೂ ಉತ್ತರ ಉಂಟು. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗುವಿಗೆ ಹಿತ ಅನಿಸುವ ಜಾಗದಲ್ಲಿ ಪಡೆಯಬೇಕು. ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು, ಸಮವಸ್ತ್ರ ಹಾಕಿರಬಾರದು. ಹೆತ್ತವರು ಅಥವಾ ಮಗು ನಂಬುವ ಯಾರಾದರೂ ಜೊತೆಗಿರಬೇಕು. ಹೆಣ್ಣುಮಗುವನ್ನು ವೈದ್ಯೆಯೇ ಪರೀಕ್ಷಿಸಬೇಕು. ಕೋರ್ಟಿನಲ್ಲಿ ವಿಚಾರಣೆ ಮುಚ್ಚಿದ ಬಾಗಿಲಿನೊಳಗೆ. ಮಗುವಿನ ಹೆಸರು, ಮನೆ, ಶಾಲೆ ಯಾವುದನ್ನೂ ಪತ್ರಿಕೆಗಳು ಪ್ರಕಟಿಸುವಂತಿಲ್ಲ. ಎಲ್ಲ ಕಡೆ ಇದು ಹೀಗೆಯೇ ನಡೆಯುತ್ತದೆ ಅಂತ ನಾವು ಹೇಳುವುದಿಲ್ಲ. ಆದರೆ ಇದು ನಮ್ಮ ಹಕ್ಕು ಅಂತ ಗೊತ್ತಿದ್ದರೆ ಕೇಳಿ ಪಡೆಯಬಹುದು.

ಸಿಲಾಳ ಹಾಗೆ ದೊಡ್ಡವಳಾದ ಹೆಣ್ಣುಮಕ್ಕಳಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಉಂಟು. ಅದು ಗಂಡನ ಹೊಡೆತಕ್ಕೆ ಮಾತ್ರ ಅಂತ ತಿಳಿದವರೇ ಹೆಚ್ಚು. ಒಂದೇ ಮನೆಯಲ್ಲಿ ಕೂಡಿ ಬದುಕುವ ರಕ್ತಸಂಬಂಧಿಗಳಿಂದ ಆಗುವ ಲೈಂಗಿಕ ಕಿರುಕುಳವೂ ಅದರೊಳಗೆ ಬರುತ್ತದೆ. ತಾಲೂಕಿನ ಸಿಡಿಪಿಒ ಕಚೇರಿಯಲ್ಲಿ ದೂರು ಕೊಡಬಹುದು. ಮಕ್ಕಳಿಗೆ 1098, ಮಹಿಳೆಯರಿಗೆ 181, ತುರ್ತಿಗೆ 112 - ಈ ಮೂರು ನಂಬರುಗಳನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಮಹಿಳೆಯರು, ಮಕ್ಕಳು ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಪಡೆಯಬಹುದು.

ಮನೆಯಲ್ಲಿ, ಮಸೀದಿಯಲ್ಲಿ ಮಾಡಬಹುದಾದದ್ದು

ದೊಡ್ಡ ದೊಡ್ಡ ಕಾರ್ಯಕ್ರಮ ಬೇಡ. ಸಣ್ಣ ಕೆಲಸಗಳು ಸಾಕು.

ಮಗುವಿಗೆ ಇಷ್ಟವಿಲ್ಲದಿದ್ದರೆ ಯಾರ ಮಡಿಲಲ್ಲೂ ಕೂರಿಸಬೇಡಿ, ಯಾರಿಗೂ ಮುತ್ತು ಕೊಡಿಸಬೇಡಿ. ‘ಮಾಮನಿಗೆ ಒಂದು ಮುತ್ತು ಕೊಡು, ಇಲ್ಲಾಂದ್ರೆ ಚಾಕಲೇಟ್ ಇಲ್ಲ’ ಅನ್ನುವುದು ನಮಗೆ ತಮಾಷೆ. ಮಗು ಅದರಿಂದ ಕಲಿಯುವ ಪಾಠ: ದೊಡ್ಡವರು ಕೇಳಿದರೆ ಬೇಡ ಅನ್ನಬಾರದು. ಸಲಾಂ ಹೇಳಲು ಕಲಿಸಿ, ಅದು ಸಾಕು. ಮೈಯ ಯಾವ ಭಾಗವನ್ನು ಯಾರೂ ಮುಟ್ಟಬಾರದು ಅಂತ ನಾಲ್ಕು-ಐದು ವರ್ಷದಲ್ಲೇ ಹೇಳಿಕೊಡಿ. ವುಝೂ, ಶೌಚದ ಶುದ್ಧಿ ಕಲಿಸುವಾಗಲೇ ಈ ಪಾಠವನ್ನೂ ಸೇರಿಸಬಹುದು. ನಾಚಿಕೆಪಡುವ ವಿಷಯ ಅದಲ್ಲ. ಗಂಡುಮಕ್ಕಳಿಗೂ ಹೇಳಿ.

ಮದುವೆ ಮನೆಗಳಲ್ಲಿ, ಹಬ್ಬದ ರಾತ್ರಿಗಳಲ್ಲಿ ನೆಂಟರು ತುಂಬಿದಾಗ ಮಕ್ಕಳು ಎಲ್ಲಿ, ಯಾರ ಜೊತೆ ಮಲಗಿದ್ದಾರೆ ಅಂತ ಒಮ್ಮೆ ನೋಡಿ. ಮಗು ಒಬ್ಬರ ಹತ್ತಿರ ಹೋಗಲು ಹಟ ಮಾಡಿ ನಿರಾಕರಿಸಿದರೆ, ಹಾಸಿಗೆ ಒದ್ದೆ ಮಾಡಲು ಶುರುಮಾಡಿದರೆ, ಮಾತು ಕಡಿಮೆಯಾದರೆ, ಓದಿನಲ್ಲಿ ಒಮ್ಮೆಲೇ ಹಿಂದೆ ಬಿದ್ದರೆ ಹೊಡೆಯುವ, ಬೈಯುವ ಮೊದಲು, ಕಣ್ಣುದೃಷ್ಟಿ ತಾಗಿದೆ ಅಂತ ಓದಿಸಲು ಕರೆದುಕೊಂಡು ಹೋಗುವ ಮೊದಲು ಪಕ್ಕದಲ್ಲಿ ಕೂರಿಸಿ ಕೇಳಿ. ಇಂಥ ಬದಲಾವಣೆಗೆ ಬೇರೆ ಕಾರಣಗಳೂ ಇರಬಹುದು. ಆದರೆ ಕೇಳದೆ ಗೊತ್ತಾಗುವುದಿಲ್ಲ. ಮಗು ಹೇಳಿದರೆ ಮೊದಲು ಬರಬೇಕಾದ ಮಾತು, ‘ನೀನು ಹೇಳಿದ್ದು ಒಳ್ಳೆಯದಾಯಿತು, ನಿನ್ನದು ಏನೂ ತಪ್ಪಿಲ್ಲ.’ ‘ಯಾರಿಗೂ ಹೇಳಬೇಡ’ ಅನ್ನುವ ಮಾತು ಮಾತ್ರ ಬರಬಾರದು. ಅದನ್ನು ತಪ್ಪು ಮಾಡಿದವನು ಆಗಲೇ ಹೇಳಿರುತ್ತಾನೆ.

ಗಲ್ಫ್‌ನಲ್ಲಿರುವ ಉಪ್ಪಂದಿರಿಗೂ ಒಂದು ಮಾತು. ದಿನಾ ವೀಡಿಯೊ ಕಾಲ್ ಮಾಡುತ್ತೀರಿ, ಊಟ ಆಯಿತಾ, ಮಾರ್ಕು ಎಷ್ಟು ಅಂತ ಕೇಳುತ್ತೀರಿ. ವಾರಕ್ಕೊಮ್ಮೆಯಾದರೂ ಮಗುವಿನ ಜೊತೆ ಮಾತ್ರ ಮಾತಾಡಿ. ಹೆಂಡತಿ ಏನಾದರೂ ಹೇಳಲು ಹೊರಟರೆ ‘ನಮ್ಮ ಮನೆಯವರ ಬಗ್ಗೆ ಹಾಗೆ ಹೇಳಬೇಡ’ ಅಂತ ಬಾಯಿ ಮುಚ್ಚಿಸಬೇಡಿ. ದೂರದಲ್ಲಿರುವ ನೀವು ನಂಬಿದರೆ ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ.

ನಮ್ಮ ಖತೀಬರು ವರ್ಷಕ್ಕೆ ಎರಡು ಜುಮಾ ಖುತ್ಬಾಗಳನ್ನು ಈ ವಿಷಯಕ್ಕೆ ಕೊಡಲಿ. ಮಾದಕ ವಸ್ತುವಿನ ವಿರುದ್ಧ ಮಸೀದಿಗಳಲ್ಲಿ ಮಾತಾಡಲು ಶುರುಮಾಡಿದಾಗಲೂ ‘ಮಸೀದಿಯಲ್ಲಿ ಇದೆಲ್ಲ ಯಾಕೆ’ ಅಂದವರಿದ್ದರು. ಈಗ ಯಾರೂ ಹಾಗೆ ಅನ್ನುವುದಿಲ್ಲ. ಮದ್ರಸ ಇರಲಿ, ಟ್ಯೂಷನ್ ಇರಲಿ, ಶಾಲಾ ವ್ಯಾನ್ ಇರಲಿ, ದೊಡ್ಡವರೊಬ್ಬರು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಇರಬಾರದು ಎಂಬ ನಿಯಮ ಬರಲಿ. ಅದು ಮಗುವಿಗೂ ರಕ್ಷಣೆ, ಒಳ್ಳೆಯ ಉಸ್ತಾದರಿಗೂ ರಕ್ಷಣೆ. ಜಮಾಅತ್‌ಗಳಲ್ಲಿ ಇಬ್ಬರೋ ಮೂವರೋ ತಿಳಿದ ಹೆಂಗಸರು, ಒಬ್ಬ ಡಾಕ್ಟರೋ ಟೀಚರೋ ವಕೀಲೆಯೋ, ಹೆಣ್ಣುಮಕ್ಕಳು ಹೋಗಿ ಮಾತಾಡಬಹುದಾದವರು ಇರಲಿ. ಗಂಡಸರೇ ತುಂಬಿದ ಕಮಿಟಿಯ ಮುಂದೆ ಯಾವ ಉಮ್ಮ ಬಂದು ಇದನ್ನು ಹೇಳಬಲ್ಲಳು?

ಒಂದು ಧಾರಾವಾಹಿ ಲೋಕವನ್ನು ಬದಲಿಸುವುದಿಲ್ಲ. ‘ಡರ್ ಸಿ ಜಾತಿ ಹೈ ಸಿಲಾ’ದಲ್ಲಿ ಕೊರತೆಗಳಿಲ್ಲದಿಲ್ಲ. ಸಿಲಾಳ ಮೌನ ಕಂತುಗಟ್ಟಲೆ ಎಳೆಯಿತು. ನೋಡುವವರಿಗೆ ‘ಇವಳು ಯಾಕೆ ಬಾಯಿ ಬಿಡುವುದಿಲ್ಲ’ ಅಂತ ಸಿಟ್ಟು ಬರುವಷ್ಟು. ಆದರೆ ಟಿವಿಯಲ್ಲಿ ಕೆಲವು ತಿಂಗಳು ಎಳೆದದ್ದು ಎಷ್ಟೋ ಮನೆಗಳಲ್ಲಿ ಇಪ್ಪತ್ತು, ಮೂವತ್ತು ವರ್ಷ ಎಳೆಯುತ್ತದೆ. ಮಗು ದೊಡ್ಡವಳಾಗಿ, ಮದುವೆಯಾಗಿ, ತಾನೇ ಉಮ್ಮ ಆದ ಮೇಲೂ ಹೇಳದೆ ಉಳಿಯುತ್ತದೆ. ಅದೇ ಮನುಷ್ಯ ಮದುವೆ ಮನೆಯಲ್ಲಿ ಮುಂದಿನ ಸಾಲಿನಲ್ಲಿ ಕೂತಿರುತ್ತಾನೆ, ಎಲ್ಲರೂ ಕೈಕೊಡುತ್ತಾರೆ. ಅವಳ ಮಗಳೂ ಅಲ್ಲೇ ಆಡುತ್ತಿರುತ್ತಾಳೆ.

ಸಿಲಾ ಹೆದರುತ್ತಾಳೆ. ಹೆದರಬೇಕಾದವಳು ಅವಳಲ್ಲ. ಆ ಹೆದರಿಕೆಯನ್ನು ಸರಿಯಾದವನ ಹೆಗಲಿಗೆ ದಾಟಿಸುವುದು ಮನೆಯ ದೊಡ್ಡವರ ಕೆಲಸ. ಇವತ್ತು ರಾತ್ರಿ ಊಟ ಆದ ಮೇಲೆ ಟಿವಿ, ಮೊಬೈಲ್ ಬದಿಗಿಟ್ಟು ಮಕ್ಕಳೊಂದಿಗೆ ಹತ್ತು ನಿಮಿಷ ಕೂತು, ಏನು ಆದರೂ ನಮ್ಮ ಹತ್ತಿರ ಹೇಳಬಹುದು ಅಂತ ಅವರಿಗೆ ತಿಳಿಸೋಣ. ಅವರು ಹೇಳಿದ ದಿನ ಆ ಮಾತಿಗೆ ಬದ್ಧರಾಗಿ ನಿಲ್ಲೋಣ. ಮನೆಯ ಮರ್ಯಾದೆ ಉಳಿಯುವುದು ಹಾಗೆ.